ಬೆಳವಣಿಗೆ ಮದ್ದಿನ ಜಾಗಕ್ಕೆ ಪ್ರೊಬಯಾಟಿಕ್: ಚೀಲ ಬದಲಿಸಿದರೆ ಸಾಲದು

ಮಾನ್ಯ ಸಂಪಾದಕರೇ,

ಬ್ರಾಯ್ಲರ್ ಕೋಳಿಯ ಆಹಾರದಲ್ಲಿ ಬೆಳವಣಿಗೆ ಪ್ರಚೋದಕವಾಗಿ ಬೆರೆಸುವ ಆ್ಯಂಟಿಬಯಾಟಿಕ್‌ಗಳನ್ನು ಕೈಬಿಟ್ಟು ಪ್ರೊಬಯಾಟಿಕ್, ಅಂದರೆ ಕರುಳಿಗೆ ಒಳಿತು ಮಾಡುವ ಜೀವಂತ ಸೂಕ್ಷ್ಮಾಣುಗಳನ್ನು ಬಳಸಬೇಕೆಂಬ ಮಾತು ಈಗ ಸಾಕಣೆದಾರರ ಸಭೆಗಳಲ್ಲಿ, ಆಹಾರ ತಯಾರಕರ ಜಾಹೀರಾತುಗಳಲ್ಲಿ, ಪತ್ರಿಕೆಗಳ ಕೃಷಿ ಪುಟಗಳಲ್ಲಿ ಮತ್ತೆ ಮತ್ತೆ ಕೇಳಿಬರುತ್ತಿದೆ. ಸತ್ತ ಕೋಳಿಗಳ ಹೊಟ್ಟೆ ಸೀಳಿ ಸಾವಿನ ಕಾರಣ ಹುಡುಕುವುದನ್ನೇ ಬಹುಕಾಲ ವೃತ್ತಿಯಾಗಿ ಮಾಡಿಕೊಂಡು ಬಂದ ಪಶುವೈದ್ಯ ನಾನು. ಈ ಬದಲಾವಣೆ ಆಗಲೇಬೇಕು ಎಂಬುದರಲ್ಲಿ ನನಗೆ ಎಳ್ಳಷ್ಟೂ ಅನುಮಾನವಿಲ್ಲ. ಆದರೆ ಒಂದು ಚೀಲದ ಪುಡಿ ತೆಗೆದು ಇನ್ನೊಂದು ಚೀಲದ ಪುಡಿ ಸುರಿದರೆ ಕೆಲಸ ಮುಗಿಯಿತು ಎಂಬಂತೆ ನಡೆಯುತ್ತಿರುವ ಪ್ರಚಾರ ನನ್ನನ್ನು ಚಿಂತೆಗೀಡುಮಾಡಿದೆ. ಅದನ್ನು ನಂಬಿದ ಸಾಕಣೆದಾರ ಒಂದೆರಡು ಬ್ಯಾಚ್‌ಗಳಲ್ಲಿ ಕೈ ಸುಟ್ಟುಕೊಂಡು, ಪ್ರೊಬಯಾಟಿಕ್ ಎಂಬುದೆಲ್ಲ ಬರೀ ಬೊಗಳೆ ಎಂದು ತೀರ್ಮಾನಿಸಿ, ಹಳೆಯ ಮದ್ದಿಗೇ ಮರಳುತ್ತಾನೆ. ಹಾಗೆ ಮರಳಿದವರನ್ನು ಕಣ್ಣಾರೆ ಕಂಡಿದ್ದೇನೆ; ಆದ್ದರಿಂದಲೇ ಈ ಪತ್ರ ಸ್ವಲ್ಪ ದೀರ್ಘವಾದರೂ ಬರೆಯುತ್ತಿದ್ದೇನೆ.

ಆ ಹಳೆಯ ಮದ್ದು ಕೋಳಿಯ ಆಹಾರದೊಳಗೆ ಬಂದದ್ದು ಆಕಸ್ಮಿಕವಾಗಿ. 1948ರಲ್ಲಿ ಅಮೆರಿಕದ ಲೆಡರ್ಲಿ ಪ್ರಯೋಗಾಲಯದಲ್ಲಿ ಥಾಮಸ್ ಜೂಕ್ಸ್ ಮತ್ತು ರಾಬರ್ಟ್ ಸ್ಟಾಕ್‌ಸ್ಟಾಡ್ ಎಂಬ ವಿಜ್ಞಾನಿಗಳು ಮರಿಗಳಿಗೆ ಬಿ12 ಜೀವಸತ್ವ ಒದಗಿಸುವ ಮೂಲವನ್ನು ಹುಡುಕುತ್ತಿದ್ದರು. ಆರಿಯೊಮೈಸಿನ್ ಎಂಬ ಆ್ಯಂಟಿಬಯಾಟಿಕ್ ತಯಾರಿಸಿದ ಮೇಲೆ ಉಳಿದ ಚರಟವನ್ನು ತಿನ್ನಿಸಿ ನೋಡಿದಾಗ, ಬಿ12 ಒಂದರಿಂದಲೇ ಆಗಿರಲಾರದಷ್ಟು ವೇಗವಾಗಿ ಮರಿಗಳು ಬೆಳೆದವು. ಚರಟದಲ್ಲಿ ಉಳಿದಿದ್ದ ಮದ್ದಿನ ಅಂಶವೇ ಅದಕ್ಕೆ ಕಾರಣವೆಂದು ಆಮೇಲೆ ತಿಳಿಯಿತು. ಕೆಲವೇ ವರ್ಷಗಳಲ್ಲಿ ಟನ್ ಆಹಾರಕ್ಕೆ ಕೆಲವು ಗ್ರಾಂ ಆ್ಯಂಟಿಬಯಾಟಿಕ್ ಬೆರೆಸುವುದು ಉಪ್ಪು ಬೆರೆಸಿದಷ್ಟೇ ಸಹಜವಾಗಿಬಿಟ್ಟಿತು. ರೋಗ ವಾಸಿಮಾಡಲು ಬೇಕಾದ ಪ್ರಮಾಣಕ್ಕಿಂತ ಇದು ಬಹಳ ಕಡಿಮೆ; ಆದರೆ ಮರಿ ಬಂದ ದಿನದಿಂದ ಕೋಳಿ ಮಾರಾಟವಾಗುವವರೆಗೂ ಬಿಡದೆ ಕೊಡುವಂಥದ್ದು.

ಈ ಮದ್ದು ಬೆಳವಣಿಗೆಯನ್ನು ಹೇಗೆ ಹೆಚ್ಚಿಸುತ್ತದೆ ಎಂಬ ಪ್ರಶ್ನೆಗೆ ಸಂಬಂಧಿಸಿದ ಒಂದು ಹಳೆಯ ಸಂಗತಿಯನ್ನು ಪ್ರೊಬಯಾಟಿಕ್ ಮಾರುವವರು ಹೇಳುವುದಿಲ್ಲ, ಕೊಳ್ಳುವವರು ಕೇಳುವುದಿಲ್ಲ. ಸೂಕ್ಷ್ಮಾಣುಗಳೇ ಇಲ್ಲದಂತೆ ಕಾಪಾಡಿದ ಕೋಣೆಗಳಲ್ಲಿ ಬೆಳೆಸಿದ ಮರಿಗಳಿಗೆ ಇದೇ ಆ್ಯಂಟಿಬಯಾಟಿಕ್ ಕೊಟ್ಟು ನೋಡಿದಾಗ ಅವುಗಳ ಬೆಳವಣಿಗೆ ಹೆಚ್ಚಲಿಲ್ಲ. ಹೊಸದಾಗಿ ಕಟ್ಟಿದ, ಹಿಂದೆ ಕೋಳಿಗಳೇ ಇರದಿದ್ದ ಶೆಡ್‌ಗಳಲ್ಲೂ ಮದ್ದಿನ ಪರಿಣಾಮ ತೀರ ಕಡಿಮೆಯಾಗಿತ್ತು. ಶೆಡ್ ಹಳೆಯದಾದಷ್ಟೂ, ಕೊಳೆ ಹೆಚ್ಚಾದಷ್ಟೂ ಮದ್ದಿನಿಂದ ಕಾಣುವ ಲಾಭ ಹೆಚ್ಚಾಯಿತು. ಅಂದರೆ ನಾವು ಬೆಳವಣಿಗೆ ಪ್ರಚೋದಕ ಎಂದು ಕರೆದದ್ದು ಬೆಳವಣಿಗೆಯನ್ನು ಪ್ರಚೋದಿಸುತ್ತಿರಲಿಲ್ಲ. ಕರುಳಿನ ಸೂಕ್ಷ್ಮಾಣುಗಳು ಕಸಿದುಕೊಳ್ಳುತ್ತಿದ್ದ ಪೋಷಕಾಂಶ, ಅವು ಉಂಟುಮಾಡುತ್ತಿದ್ದ ಸಣ್ಣ ಉರಿಯೂತ, ಅದರಿಂದ ದಪ್ಪಗಾಗುತ್ತಿದ್ದ ಕರುಳಿನ ಗೋಡೆ, ಇವುಗಳಿಂದ ಆಗುತ್ತಿದ್ದ ನಷ್ಟವನ್ನು ತಡೆಯುತ್ತಿತ್ತು. ಒದ್ದೆ ಲಿಟರ್ (ಶೆಡ್‌ನ ನೆಲಕ್ಕೆ ಹರಡುವ ಹಾಸು), ಇಕ್ಕಟ್ಟು, ಲೋಳೆ ಕಟ್ಟಿದ ನೀರಿನ ಪೈಪು, ಬ್ಯಾಚ್ ಬ್ಯಾಚ್‌ಗಳ ನಡುವೆ ಶೆಡ್‌ಗೆ ಸಿಗದ ಬಿಡುವು, ಇವೆಲ್ಲದರ ಸಾಲವನ್ನು ಟನ್‌ಗೆ ಕೆಲವು ಗ್ರಾಂ ಮದ್ದು ತೀರಿಸುತ್ತ ಬಂದಿತ್ತು. ಈಗ ಮದ್ದನ್ನು ತೆಗೆದರೆ ಆ ಸಾಲ ಎದ್ದು ಕಾಣುತ್ತದೆ. ಅದನ್ನು ತೀರಿಸುವ ಹೊಣೆಯನ್ನು ಪೂರ್ತಿಯಾಗಿ ಪ್ರೊಬಯಾಟಿಕ್ ಮೇಲೆ ಹೊರಿಸುವುದು ನ್ಯಾಯವಲ್ಲ.

ಮದ್ದನ್ನು ಏಕೆ ತೆಗೆಯಬೇಕು ಎಂಬುದನ್ನು ಇಲ್ಲಿ ವಿಸ್ತರಿಸುವುದಿಲ್ಲ; ಅದು ಚರ್ಚೆಯ ಹಂತ ದಾಟಿದೆ. ಎವೊಪಾರ್ಸಿನ್ ಎಂಬ ಪ್ರಚೋದಕ, ಆಸ್ಪತ್ರೆಗಳಲ್ಲಿ ಕೊನೆಯ ಆಸರೆಯಾಗಿದ್ದ ವ್ಯಾಂಕೊಮೈಸಿನ್‌ನ ಹತ್ತಿರದ ಬಂಧು. ಅದನ್ನು ತಿಂದ ಕೋಳಿಗಳ ಕರುಳಿನಲ್ಲಿ ವ್ಯಾಂಕೊಮೈಸಿನ್‌ಗೂ ಬಗ್ಗದ ಬ್ಯಾಕ್ಟೀರಿಯಾಗಳು ಕಂಡುಬಂದ ಮೇಲೆ ಡೆನ್ಮಾರ್ಕ್ 1995ರಲ್ಲಿ, ಯುರೋಪ್ ಒಕ್ಕೂಟ 1997ರಲ್ಲಿ ಅದನ್ನು ನಿಷೇಧಿಸಿದವು. ಸ್ವೀಡನ್ 1986ರಲ್ಲೇ ಎಲ್ಲ ಬೆಳವಣಿಗೆ ಪ್ರಚೋದಕ ಆ್ಯಂಟಿಬಯಾಟಿಕ್‌ಗಳನ್ನು ಕೈಬಿಟ್ಟಿತ್ತು. 2006ರ ಜನವರಿ 1ರಿಂದ ಇಡೀ ಯುರೋಪ್ ಒಕ್ಕೂಟದಲ್ಲಿ ಅವಕ್ಕೆ ಜಾಗವಿಲ್ಲ. 2015ರಲ್ಲಿ ಚೀನಾದಲ್ಲಿ, ಒಂದು ಬ್ಯಾಕ್ಟೀರಿಯಾದಿಂದ ಮತ್ತೊಂದಕ್ಕೆ ಸುಲಭವಾಗಿ ದಾಟಬಲ್ಲ ಕೊಲಿಸ್ಟಿನ್ ಎಂಬ ಆ್ಯಂಟಿಬಯಾಟಿಕ್‌ಗೆ ಪ್ರತಿರೋಧ ಕೊಡುವ ವಂಶವಾಹಿ ಪತ್ತೆಯಾದ ಮೇಲೆ ಚೀನಾ ಪ್ರಾಣಿಗಳ ಆಹಾರದಿಂದ ಕೊಲಿಸ್ಟಿನ್ ತೆಗೆಯಿತು. 2019ರಲ್ಲಿ ಭಾರತವೂ ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಅದನ್ನು ನಿಷೇಧಿಸಿತು. ಅದೇ 2019ರಲ್ಲಿ ಮದ್ದಿಗೆ ಬಗ್ಗದ ಬ್ಯಾಕ್ಟೀರಿಯಾಗಳ ನೇರ ಕಾರಣದಿಂದ ಜಗತ್ತಿನಲ್ಲಿ ಸುಮಾರು 12.7 ಲಕ್ಷ ಜನ ಸತ್ತರೆಂದು ಒಂದು ದೊಡ್ಡ ಅಧ್ಯಯನ ಅಂದಾಜಿಸಿದೆ. ಈ ಸಾವುಗಳಿಗೆಲ್ಲ ಕೋಳಿ ಸಾಕಣೆಯೇ ಕಾರಣವೆಂದು ಯಾರೂ ಹೇಳುತ್ತಿಲ್ಲ. ಮನುಷ್ಯರ ಚಿಕಿತ್ಸೆಯಲ್ಲಿ ಆಗುವ ದುರ್ಬಳಕೆಯ ಪಾಲು ದೊಡ್ಡದು. ಆದರೆ ರೋಗವೇ ಇಲ್ಲದ ಕೋಟ್ಯಂತರ ಹಕ್ಕಿಗಳಿಗೆ ದಿನವೂ ಚಿಟಿಕೆಯಷ್ಟು ಮದ್ದು ತಿನ್ನಿಸುವುದು, ಪ್ರತಿರೋಧವನ್ನು ಬೆಳೆಸುವುದಕ್ಕೆಂದೇ ಹೂಡಿದ ಏರ್ಪಾಡಿನಂತಿದೆ.

ಮದ್ದು ತೆಗೆದರೆ ಕೋಳಿ ಉದ್ಯಮ ಮುಳುಗುತ್ತದೆ ಎನ್ನುವವರು ಡೆನ್ಮಾರ್ಕಿನ ಲೆಕ್ಕವನ್ನು ನೋಡಬೇಕು. ಅಲ್ಲಿನ ಬ್ರಾಯ್ಲರ್ ಸಾಕಣೆದಾರರು 1998ರ ಆರಂಭದಲ್ಲಿ ತಾವಾಗಿಯೇ ಈ ಮದ್ದುಗಳನ್ನು ಬಿಟ್ಟರು. ಸಾವಿನ ಪ್ರಮಾಣ ಏರಲಿಲ್ಲ, ಶೆಡ್‌ನ ಪ್ರತಿ ಚದರ ಮೀಟರಿಗೆ ಸಿಗುತ್ತಿದ್ದ ಕೋಳಿಯ ತೂಕ ಕುಸಿಯಲಿಲ್ಲ. ಒಂದು ಕಿಲೊ ತೂಕ ಬರಲು ಬೇಕಾದ ಆಹಾರ, ಅಂದರೆ ನಮ್ಮ ವೃತ್ತಿಯವರು ಎಫ್‌ಸಿಆರ್ ಎನ್ನುವುದು, ಸುಮಾರು 16 ಗ್ರಾಂನಷ್ಟು ಹೆಚ್ಚಾಯಿತು. ಸಾಕಣೆಯ ಖರ್ಚಿನಲ್ಲಿ ಮೂರನೇ ಎರಡರಷ್ಟು ಆಹಾರದ್ದೇ ಆಗಿರುವಾಗ ಇದು ಕಡೆಗಣಿಸುವ ಮೊತ್ತವಲ್ಲ ಎಂಬುದನ್ನು ಒಪ್ಪುತ್ತೇನೆ. ಆದರೆ ಉದ್ಯಮ ಮುಳುಗಿಸುವ ಮೊತ್ತವೂ ಅಲ್ಲ. ಅಲ್ಲಿ ಕೋಳಿಗಳ ರಕ್ತಭೇದಿ (ಕಾಕ್ಸಿಡಿಯೋಸಿಸ್) ತಡೆಯುವ ಅಯೊನೊಫೋರ್ ಮದ್ದುಗಳು ಆಹಾರದಲ್ಲಿ ಮುಂದುವರಿದವು ಎಂಬುದನ್ನೂ ಸೇರಿಸಿಯೇ ಹೇಳಬೇಕು. ಅವು ಕರುಳಿನ ಕ್ಲಾಸ್ಟ್ರಿಡಿಯಂ ಬ್ಯಾಕ್ಟೀರಿಯಾವನ್ನೂ ಅಷ್ಟಿಷ್ಟು ಹತೋಟಿಯಲ್ಲಿಡುತ್ತವೆ. ಡೆನ್ಮಾರ್ಕಿನ ಉದಾಹರಣೆ ಕೊಡುವವರು ಈ ಅರ್ಧವನ್ನು ಬಿಟ್ಟುಬಿಡುವುದು ಸರಿಯಲ್ಲ.

ಇನ್ನು ಪ್ರೊಬಯಾಟಿಕ್ ವಿಷಯ. ಸಾಕಷ್ಟು ಪ್ರಮಾಣದಲ್ಲಿ ಕೊಟ್ಟಾಗ ಆರೋಗ್ಯಕ್ಕೆ ಒಳಿತು ಮಾಡುವ ಜೀವಂತ ಸೂಕ್ಷ್ಮಾಣುಗಳು ಎಂದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಹಾಗೂ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು 2001ರಲ್ಲಿ ಕೊಟ್ಟ ವಿವರಣೆಯಲ್ಲಿ ಎರಡು ಮಾತುಗಳಿಗೆ ನಾನು ಅಡಿಗೆರೆ ಎಳೆಯುತ್ತೇನೆ: ಒಂದು ‘ಸಾಕಷ್ಟು ಪ್ರಮಾಣ’, ಇನ್ನೊಂದು ‘ಜೀವಂತ’. ಆದರೆ ಅದಕ್ಕೂ ಮೊದಲು, ಮರಿಗೆ ಇದು ಏಕೆ ಬೇಕು ಎಂಬುದನ್ನು ತಿಳಿಯಬೇಕು.

ಕಾವು ಕೂತ ತಾಯಿಕೋಳಿಯ ರೆಕ್ಕೆಯಡಿಯಲ್ಲಿ ಒಡೆದು ಬಂದ ಮರಿ, ಮೊದಲ ದಿನವೇ ತಾಯಿ ಕೆದಕಿದ ನೆಲವನ್ನು ಕುಕ್ಕುತ್ತದೆ, ತಾಯಿಯ ಹಿಕ್ಕೆಗೆ ಬಾಯಿ ಹಾಕುತ್ತದೆ. ನೋಡಲು ಹೇಸಿಗೆ ಎನಿಸುವ ಆ ಕುಕ್ಕಾಟದಲ್ಲಿ ತಾಯಿಯ ಕರುಳಿನ ಸೂಕ್ಷ್ಮಾಣುಗಳು ಮರಿಯ ಕರುಳಿಗೆ ದಾಟುತ್ತವೆ. ಹ್ಯಾಚರಿಯ ಮರಿಗೆ ಆ ತಾಯಿ ಇಲ್ಲ. ಯಂತ್ರದೊಳಗೆ 21 ದಿನ ಕಳೆದು, ತೊಳೆದು ಹೊಗೆ ಹಾಕಿದ ಟ್ರೇಯಲ್ಲಿ ಕಣ್ಣು ಬಿಟ್ಟು, ಪೆಟ್ಟಿಗೆಯಲ್ಲಿ ಪಯಣಿಸಿ ಶೆಡ್‌ಗೆ ಇಳಿಯುವ ಹೊತ್ತಿಗೆ ಅದರ ಕರುಳು ಹೆಚ್ಚುಕಡಿಮೆ ಖಾಲಿ ಜಾಗ. ಖಾಲಿ ಜಾಗಕ್ಕೆ ಮೊದಲು ಬಂದವರೇ ಒಡೆಯರು. ಆ ಮೊದಲು ಬರುವವರು ಹಿಂದಿನ ಬ್ಯಾಚ್ ಬಿಟ್ಟುಹೋದ ಇ. ಕೋಲಿಯೋ, ಸಾಲ್ಮೊನೆಲ್ಲಾವೋ ಆಗಿದ್ದರೆ ಆ ಮರಿಯ ಮುಂದಿನ ಐದಾರು ವಾರಗಳ ಬಾಳು ಅಲ್ಲಿಗೇ ಬಹುಪಾಲು ನಿಶ್ಚಯವಾದಂತೆ.

ಫಿನ್ಲೆಂಡಿನಲ್ಲಿ 1970ರ ದಶಕದ ಆರಂಭದಲ್ಲಿ ಬ್ರಾಯ್ಲರ್ ಹಿಂಡುಗಳಲ್ಲಿ ಸಾಲ್ಮೊನೆಲ್ಲಾ ಹರಡಿದಾಗ ನೂರ್ಮಿ ಮತ್ತು ರಂಟಾಲಾ ಎಂಬ ವಿಜ್ಞಾನಿಗಳು ಮಾಡಿ ನೋಡಿದ್ದು ಇದೇ ತಾಯಿಯ ಕೆಲಸವನ್ನು. ಆರೋಗ್ಯವಂತ ದೊಡ್ಡ ಕೋಳಿಗಳ ಕರುಳಿನ ಒಳಗಿನದನ್ನು ತೆಗೆದು, ಆಗಷ್ಟೇ ಹುಟ್ಟಿದ ಮರಿಗಳಿಗೆ ಕುಡಿಸಿ, ಆಮೇಲೆ ಸಾಲ್ಮೊನೆಲ್ಲಾ ಕೊಟ್ಟರು. ಕುಡಿದ ಮರಿಗಳು ಸೋಂಕನ್ನು ತಡೆದುಕೊಂಡವು. 1973ರಲ್ಲಿ ಪ್ರಕಟವಾದ ಈ ಕೆಲಸವೇ ಕೋಳಿಗಳ ಪ್ರೊಬಯಾಟಿಕ್ ವಿಜ್ಞಾನಕ್ಕೆ ಬುನಾದಿ. ಕರುಳಿನ ಗೋಡೆಯಲ್ಲಿ ಒಳ್ಳೆಯ ಸೂಕ್ಷ್ಮಾಣುಗಳು ಮೊದಲೇ ಜಾಗ ಹಿಡಿದಿದ್ದರೆ ಕೆಟ್ಟವಕ್ಕೆ ಅಂಟಿಕೊಳ್ಳಲು ನೆಲೆ ಸಿಗದು, ತಿನ್ನಲು ಕೂಳು ಸಿಗದು. ಲ್ಯಾಕ್ಟೋಬ್ಯಾಸಿಲಸ್, ಪೀಡಿಯೊಕಾಕಸ್, ಎಂಟೆರೊಕಾಕಸ್ ಜಾತಿಯವು ಲ್ಯಾಕ್ಟಿಕ್ ಆಮ್ಲ ಹೊರಬಿಟ್ಟು ಸುತ್ತಲಿನ ಹುಳಿಯನ್ನು ಹೆಚ್ಚಿಸುತ್ತವೆ. ಆ ಹುಳಿಯಲ್ಲಿ ಸಾಲ್ಮೊನೆಲ್ಲಾ, ಕ್ಲಾಸ್ಟ್ರಿಡಿಯಂಗಳು ಸೊರಗುತ್ತವೆ. ಬ್ಯಾಸಿಲಸ್ ಜಾತಿಯ ಕೆಲವು ತಳಿಗಳು ಜೀರ್ಣಕ್ಕೆ ನೆರವಾಗುವ ಕಿಣ್ವಗಳನ್ನೂ, ಎದುರಾಳಿ ಬ್ಯಾಕ್ಟೀರಿಯಾಗಳನ್ನು ಕೊಲ್ಲುವ ಪದಾರ್ಥಗಳನ್ನೂ ತಯಾರಿಸುತ್ತವೆ. ಎಳೆಯ ಕರುಳಿನ ರೋಗನಿರೋಧಕ ವ್ಯವಸ್ಥೆ ಇವುಗಳ ಒಡನಾಟದಲ್ಲೇ ಮಿತ್ರ ಯಾರು, ಶತ್ರು ಯಾರು ಎಂಬುದನ್ನು ಕಲಿಯುತ್ತದೆ. ಆ್ಯಂಟಿಬಯಾಟಿಕ್ ಮಾಡುತ್ತಿದ್ದುದು ಕರುಳಿನ ಜನಸಂಖ್ಯೆಯನ್ನು ತಗ್ಗಿಸುವ ಕೆಲಸ. ಪ್ರೊಬಯಾಟಿಕ್ ಮಾಡುವುದು ಅಲ್ಲಿ ಯಾರು ನೆಲೆಸಬೇಕೆಂಬುದನ್ನು ತಿದ್ದುವ ಕೆಲಸ. ಎರಡರ ಹಾದಿಯೇ ಬೇರೆ. ಆದ್ದರಿಂದ ಮರಿ ಬಂದು ಹತ್ತು ದಿನವಾದ ಮೇಲೆ, ಕರುಳಿನಲ್ಲಿ ಆಗಲೇ ಬೇರೆಯವರು ಬೇರೂರಿದ ಮೇಲೆ, ತಡವಾಗಿ ಪ್ರೊಬಯಾಟಿಕ್ ಸುರಿಯುವುದಕ್ಕಿಂತ ಹ್ಯಾಚರಿಯಲ್ಲೇ ಮರಿಗಳ ಮೇಲೆ ಹನಿಯಾಗಿ ಸಿಂಪಡಿಸುವುದು, ಮೊದಲ ಗುಟುಕು ನೀರಿನಲ್ಲಿ, ಮೊದಲ ಹಿಡಿ ಆಹಾರದಲ್ಲಿ ಕೊಡುವುದು ಹೆಚ್ಚು ಫಲ ಕೊಡುತ್ತದೆ.

ಮದ್ದು ತೆಗೆದ ಶೆಡ್‌ನಲ್ಲಿ ಮೊದಲು ತಲೆಯೆತ್ತುವುದು ಕ್ಲಾಸ್ಟ್ರಿಡಿಯಂ ಪರ್‌ಫ್ರಿಂಜೆನ್ಸ್ ತರುವ ಕರುಳು ಕೊಳೆ ರೋಗ. ಸಾಮಾನ್ಯವಾಗಿ ಎರಡರಿಂದ ಐದು ವಾರದ ಕೋಳಿಗಳಲ್ಲಿ ಬರುತ್ತದೆ. ಇಂಥ ಕೋಳಿಯ ಹೊಟ್ಟೆ ಸೀಳಿದರೆ ಸಣ್ಣ ಕರುಳು ಗಾಳಿ ತುಂಬಿದ ಬಲೂನಿನಂತೆ ಉಬ್ಬಿರುತ್ತದೆ, ಗೋಡೆ ಬೆರಳಿಗೆ ತಗಲುವ ಮೊದಲೇ ಹರಿಯುವಷ್ಟು ತೆಳುವಾಗಿರುತ್ತದೆ. ಕತ್ತರಿಯಿಂದ ಉದ್ದಕ್ಕೆ ಬಿಡಿಸಿದರೆ ಒಳಮೈ ನುಣುಪಾಗಿರದೆ, ಬಳಸಿ ಒರಟಾದ ಟವೆಲ್ಲಿನ ಹಾಗೆ ಕಂದು ಹಳದಿ ಪೊರೆ ಕಟ್ಟಿರುತ್ತದೆ. ಆ ವಾಸನೆ ಕೈಗವಸು ತೆಗೆದು ತೊಳೆದ ಮೇಲೂ ಬೆರಳಲ್ಲಿ ಉಳಿಯುತ್ತದೆ. ಹೀಗೆ ಸತ್ತ ಕೋಳಿ ಕಣ್ಣಿಗೆ ಬೀಳುತ್ತದೆ. ಆದರೆ ಅದೇ ಹಿಂಡಿನಲ್ಲಿ ಸಾಯದೆ ಉಳಿದು, ಕರುಳಿನಲ್ಲಿ ಅಲ್ಲಲ್ಲಿ ಹುಣ್ಣು ಹೊತ್ತು, ತಿಂದದ್ದು ಮೈಗೆ ಹತ್ತದೆ ಓಡಾಡುವ ಕೋಳಿಗಳಿಂದ ಆಗುವ ನಷ್ಟವೇ ಹೆಚ್ಚು. ತೂಕ ಮಾಡುವ ದಿನದವರೆಗೂ ಅದು ಗೊತ್ತಾಗುವುದಿಲ್ಲ.

ಕ್ಲಾಸ್ಟ್ರಿಡಿಯಂ ಆರೋಗ್ಯವಂತ ಕೋಳಿಯ ಕರುಳಿನಲ್ಲೂ ಇರುತ್ತದೆ. ಅದು ಇದ್ದ ಮಾತ್ರಕ್ಕೆ ರೋಗ ಬರುವುದಿಲ್ಲ. ರಕ್ತಭೇದಿ ತರುವ ಐಮೀರಿಯಾ ಪರೋಪಜೀವಿ ಮೊದಲು ಕರುಳಿನ ಪೊರೆಯನ್ನು ಕೊರೆದು ಗಾಯ ಮಾಡುತ್ತದೆ, ಗಾಯದಿಂದ ಪ್ರೋಟೀನು ಒಸರುತ್ತದೆ, ಆ ಪ್ರೋಟೀನಿನ ಮೇಲೆ ಕ್ಲಾಸ್ಟ್ರಿಡಿಯಂ ಬೆಳೆದು ವಿಷ ಬಿಡುತ್ತದೆ. ಮೀನಿನ ಪುಡಿ ಅತಿಯಾದ ಆಹಾರ, ಕಿಣ್ವ ಬೆರೆಸದೆ ಹೆಚ್ಚು ಗೋಧಿ, ಬಾರ್ಲಿ ಹಾಕಿ ಕರುಳಿನೊಳಗೆ ಅಂಟುಅಂಟಾಗುವ ಆಹಾರ, ಇದ್ದಕ್ಕಿದ್ದಂತೆ ಆಹಾರ ಬದಲಿಸುವುದು, ಇವೂ ಅದಕ್ಕೆ ದಾರಿ ಮಾಡಿಕೊಡುತ್ತವೆ. ಒದ್ದೆ ಲಿಟರಿನಲ್ಲಿ ಐಮೀರಿಯಾದ ಮೊಟ್ಟೆಗಳು ಬಲಿಯುತ್ತವೆ. ಆದ್ದರಿಂದ ರಕ್ತಭೇದಿಯ ಹತೋಟಿಗೆ, ಅದು ಮದ್ದಿನಿಂದಾಗಲಿ ಲಸಿಕೆಯಿಂದಾಗಲಿ, ಸರಿಯಾದ ಯೋಜನೆ ಇಲ್ಲದವರು ಎಂಥ ಒಳ್ಳೆಯ ಪ್ರೊಬಯಾಟಿಕ್ ತಂದರೂ ಅದು ತೂತು ಬಿದ್ದ ಕೊಡಕ್ಕೆ ನೀರು ಹಾಕಿದಂತೆ.

ಜೀವಂತ ಎಂಬ ಮಾತಿಗೆ ಬರುತ್ತೇನೆ. ಕೆಲವು ವರ್ಷಗಳ ಹಿಂದೆ ಒಂದು ಫಾರಂನಿಂದ ಕರೆ ಬಂತು. ದುಬಾರಿ ಪ್ರೊಬಯಾಟಿಕ್ ಕೊಟ್ಟರೂ ಹಿಕ್ಕೆ ನೀರಾಗಿದೆ, ತೂಕ ಏರುತ್ತಿಲ್ಲ ಎಂಬ ದೂರು. ಹೋಗಿ ನೋಡಿದರೆ ಪುಡಿಯನ್ನು ಮೇಲಿನ ಟ್ಯಾಂಕಿಗೆ ಸುರಿಯುತ್ತಿದ್ದರು, ಆ ಟ್ಯಾಂಕಿಗೆ ದಿನವೂ ಬೆಳಿಗ್ಗೆ ಬ್ಲೀಚಿಂಗ್ ಪುಡಿಯ ನೀರೂ ಬೀಳುತ್ತಿತ್ತು. ಲ್ಯಾಕ್ಟೋಬ್ಯಾಸಿಲಸ್‌ಗಳು ಕೋಳಿಯ ಕೊಕ್ಕು ತಲುಪುವ ಮೊದಲೇ ಕ್ಲೋರಿನ್‌ಗೆ ಬಲಿಯಾಗುತ್ತಿದ್ದವು. ಲಸಿಕೆ ಕೊಡುವ ದಿನ ಕ್ಲೋರಿನ್ ನಿಲ್ಲಿಸಬೇಕು, ನೀರಿಗೆ ಕೆನೆ ತೆಗೆದ ಹಾಲಿನ ಪುಡಿ ಬೆರೆಸಬೇಕು ಎಂಬುದು ಆ ಮಾಲೀಕರಿಗೆ ಬಾಯಿಪಾಠವಾಗಿತ್ತು. ಲಸಿಕೆಯಲ್ಲಿ ಜೀವವಿದೆ ಎಂದು ಅವರಿಗೆ ಯಾರೋ ಹೇಳಿದ್ದರು. ಈ ಪುಡಿಯಲ್ಲೂ ಜೀವವಿದೆ ಎಂದು ಮಾರಿದವರು ಹೇಳಿರಲಿಲ್ಲ. ತಪ್ಪು ಆ ಸಾಕಣೆದಾರರದ್ದೆಂದು ನನಗೆ ಇವತ್ತಿಗೂ ಅನಿಸುವುದಿಲ್ಲ. ಅದೇ ವಾರದಲ್ಲಿ ಬೇರೊಂದು ಕಾಯಿಲೆಗೆಂದು ನೀರಿನಲ್ಲಿ ಆ್ಯಂಟಿಬಯಾಟಿಕ್ ಕೂಡ ಕೊಟ್ಟಿದ್ದರು. ಒಂದು ಕೈಯಲ್ಲಿ ಬಿತ್ತಿ ಇನ್ನೊಂದು ಕೈಯಲ್ಲಿ ಕಳೆನಾಶಕ ಹೊಡೆದಂತೆ.

ಆಹಾರದ ಗಿರಣಿಯಲ್ಲಿ ಇನ್ನೊಂದು ಗಂಡಾಂತರ ಕಾದಿರುತ್ತದೆ. ಗುಳಿಗೆ ಆಹಾರ ತಯಾರಿಸುವಾಗ ಹಬೆಯ ಬಿಸಿ 75ರಿಂದ 90 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ. ರಕ್ಷಣೆಯ ಲೇಪವಿಲ್ಲದ ಲ್ಯಾಕ್ಟೋಬ್ಯಾಸಿಲಸ್‌ಗಳಲ್ಲಿ ಆ ಬಿಸಿ ದಾಟಿ ಬದುಕುವವು ಕಡಿಮೆ. ಬ್ಯಾಸಿಲಸ್ ಸಬ್ಟಿಲಿಸ್, ಬ್ಯಾಸಿಲಸ್ ಲೈಕೆನಿಫಾರ್ಮಿಸ್‌ನಂಥವು ಗಟ್ಟಿ ಕವಚದ ಬೀಜಕಗಳಾಗಿ ಮಲಗಿ ಬಿಸಿಯನ್ನು ದಾಟಿ, ಕೋಳಿಯ ಕರುಳಿನಲ್ಲಿ ಎದ್ದು ಮೊಳೆಯುತ್ತವೆ. ಗುಳಿಗೆ ಆಹಾರಕ್ಕೆ ಬೀಜಕ ಕಟ್ಟುವ ತಳಿ, ಹ್ಯಾಚರಿಯ ಸಿಂಪಡಣೆಗೆ ಹಾಗೂ ಕುಡಿಯುವ ನೀರಿಗೆ ಲ್ಯಾಕ್ಟಿಕ್ ಆಮ್ಲದ ತಳಿ ಎಂಬ ಈ ಸಣ್ಣ ವಿವೇಚನೆಯನ್ನು ಪಾಲಿಸಿದರೇ ಅರ್ಧ ದೂರುಗಳು ಕಡಿಮೆಯಾದಾವು. ತಯಾರಾದ ದಿನ ಚೀಲದಲ್ಲಿ ಎಷ್ಟು ಜೀವಾಣು ಇತ್ತು ಎಂಬುದರಿಂದ ಕೊಳ್ಳುವವನಿಗೆ ಪ್ರಯೋಜನವಿಲ್ಲ. ಬಿಸಿಲಿಗೆ ಕಾದ ಗೋದಾಮಿನಲ್ಲಿ ಮೂರು ತಿಂಗಳು ಕಳೆದು, ಗಿರಣಿಯ ಬಿಸಿ ದಾಟಿ, ಕೋಳಿಯ ತಟ್ಟೆಗೆ ಬಿದ್ದಾಗ ಪ್ರತಿ ಗ್ರಾಂ ಆಹಾರದಲ್ಲಿ ಹತ್ತು ಲಕ್ಷದಷ್ಟಾದರೂ ಜೀವಂತವಾಗಿವೆಯೇ ಎಂಬುದು ಅವನಿಗೆ ಬೇಕಾದ ಲೆಕ್ಕ.

ಚೀಲದ ಮೇಲೆ ಬರೀ ‘ಬ್ಯಾಸಿಲಸ್’ ಎಂದೋ ‘ಲ್ಯಾಕ್ಟೋಬ್ಯಾಸಿಲಸ್’ ಎಂದೋ ಬರೆದರೆ ಏನನ್ನೂ ಹೇಳಿದಂತಾಗಲಿಲ್ಲ. ಒಂದೇ ಜಾತಿಯ ಎರಡು ತಳಿಗಳಲ್ಲಿ ಒಂದು ಕ್ಲಾಸ್ಟ್ರಿಡಿಯಂ ಅನ್ನು ಹತ್ತಿಕ್ಕೀತು, ಇನ್ನೊಂದು ಸುಮ್ಮನೆ ಹಾದುಹೋದೀತು. ಅದಕ್ಕಿಂತ ಗಂಭೀರವಾದದ್ದು, ಪ್ರೊಬಯಾಟಿಕ್ ಆಗಿ ಕೊಡುವ ಬ್ಯಾಕ್ಟೀರಿಯಾವೇ ಆ್ಯಂಟಿಬಯಾಟಿಕ್ ಪ್ರತಿರೋಧದ ವಂಶವಾಹಿಗಳನ್ನು ಹೊತ್ತು ತರುವ ಸಾಧ್ಯತೆ. ಎಂಟೆರೊಕಾಕಸ್ ಜಾತಿಯಲ್ಲಿ ಈ ಭಯ ಹೆಚ್ಚು. ಬ್ಯಾಸಿಲಸ್ ಸೀರಿಯಸ್ ಬಳಗದ ಕೆಲವು ತಳಿಗಳು ವಿಷವನ್ನೂ ಉತ್ಪಾದಿಸುತ್ತವೆ. ಯುರೋಪ್ ಒಕ್ಕೂಟ 2013ರಲ್ಲಿ ಇಂಥದೇ ಕಾರಣಗಳಿಗಾಗಿ, ಅಲ್ಲಿ ಅನುಮತಿ ಪಡೆದು ಬಳಕೆಯಲ್ಲಿದ್ದ ಒಂದು ಬ್ಯಾಸಿಲಸ್ ಉತ್ಪನ್ನದ ಅನುಮತಿಯನ್ನು ಅಮಾನತಿನಲ್ಲಿಟ್ಟಿತು. ಪ್ರತಿರೋಧವನ್ನು ತಡೆಯಲೆಂದು ಮದ್ದು ಬಿಟ್ಟು, ಪ್ರತಿರೋಧದ ವಂಶವಾಹಿಯನ್ನೇ ಚೀಲದಲ್ಲಿ ತುಂಬಿ ತಂದರೆ ಅದಕ್ಕಿಂತ ದೊಡ್ಡ ಅನ್ಯಾಯ ಇನ್ನೊಂದಿಲ್ಲ. ಅಲ್ಲಿನ ನಿಯಮದಂತೆ ತಳಿಯ ಗುರುತನ್ನು ದಾಖಲಿಸಿ, ಆ ತಳಿಯನ್ನು ಮಾನ್ಯತೆ ಪಡೆದ ಸಂಗ್ರಹಾಲಯದಲ್ಲಿ ಇರಿಸಿ, ಸುರಕ್ಷತೆಯನ್ನೂ ಪರಿಣಾಮವನ್ನೂ ತೋರಿಸಿದ ಮೇಲೆಯೇ ಮಾರಾಟ. ಇಷ್ಟು ಬಿಗಿ ಎಲ್ಲೆಡೆಯೂ ಬೇಕು.

ಪ್ರೊಬಯಾಟಿಕ್ ಪ್ರಯೋಗಗಳ ಫಲಿತಾಂಶ ಒಂದರಂತೆ ಇನ್ನೊಂದಿಲ್ಲ ಎಂದು ಟೀಕಿಸುವವರಿದ್ದಾರೆ, ಅದು ನಿಜವೂ ಹೌದು. ಕೆಲವು ಪ್ರಯೋಗಗಳಲ್ಲಿ ತೂಕ, ಎಫ್‌ಸಿಆರ್ ಎರಡೂ ಆ್ಯಂಟಿಬಯಾಟಿಕ್ ಕೊಟ್ಟ ಹಿಂಡಿಗೆ ಸಮನಾಗಿವೆ, ಕೆಲವರಿಗೆ ವ್ಯತ್ಯಾಸವೇ ಕಂಡಿಲ್ಲ. ತಳಿ ಬೇರೆ, ಪ್ರಮಾಣ ಬೇರೆ, ಆಹಾರ ಬೇರೆ, ಶೆಡ್ ಬೇರೆ. ಹೊಚ್ಚಹೊಸ ಪಂಜರಗಳಲ್ಲಿ ಮಾಡಿದ ಪ್ರಯೋಗದಲ್ಲಿ ಪ್ರೊಬಯಾಟಿಕ್ ಏನನ್ನೂ ತೋರಿಸದಿದ್ದರೆ ಆಶ್ಚರ್ಯಪಡಬೇಕಾಗಿಲ್ಲ, ಅಂಥ ಜಾಗದಲ್ಲಿ ಆ್ಯಂಟಿಬಯಾಟಿಕ್ ಕೂಡ ಹೆಚ್ಚೇನನ್ನೂ ತೋರಿಸಿರಲಿಲ್ಲ. ಸಾಕಣೆದಾರರು ತಮ್ಮದೇ ಎರಡು ಶೆಡ್‌ಗಳಲ್ಲಿ, ಒಂದೇ ಹ್ಯಾಚರಿಯ ಒಂದೇ ದಿನದ ಮರಿಗಳನ್ನು ಬಿಟ್ಟು, ಒಂದಕ್ಕೆ ಕೊಟ್ಟು ಒಂದಕ್ಕೆ ಕೊಡದೆ, ಮುಂದಿನ ಬ್ಯಾಚಿನಲ್ಲಿ ಶೆಡ್ ಅದಲುಬದಲು ಮಾಡಿ, ಮೂರ್ನಾಲ್ಕು ಬ್ಯಾಚಿನ ಲೆಕ್ಕ ಬರೆದಿಟ್ಟು ನೋಡಲಿ. ಮಾರಾಟಗಾರನ ಬಣ್ಣದ ಕರಪತ್ರಕ್ಕಿಂತ ಆ ನೋಟ್‌ಬುಕ್ಕು ಹೆಚ್ಚು ಸತ್ಯ ಹೇಳುತ್ತದೆ. ಪ್ರೀಬಯಾಟಿಕ್ (ಒಳ್ಳೆಯ ಸೂಕ್ಷ್ಮಾಣುಗಳಿಗೆ ಕೂಳಾಗುವ ಪದಾರ್ಥ), ಸಾವಯವ ಆಮ್ಲ, ಕಿಣ್ವ, ಗಿಡಮೂಲಿಕೆಗಳ ಸತ್ವ ಮುಂತಾದವುಗಳಿಗೂ ಇದೇ ಪರೀಕ್ಷೆ ಸಲ್ಲುತ್ತದೆ. ಪ್ರೊಬಯಾಟಿಕ್ ಜೊತೆಗೆ ಅವುಗಳಲ್ಲಿ ಕೆಲವು ನೆರವಾಗುತ್ತವೆ.

ಶೆಡ್ ಸರಿಮಾಡಿ ಎಂದು ಸಾಕಣೆದಾರರಿಗೆ ಉಪದೇಶ ಮಾಡುವುದು ಸುಲಭ. ಗುತ್ತಿಗೆ ಪದ್ಧತಿಯಲ್ಲಿ ಮರಿ ಕಂಪನಿಯದ್ದು, ಆಹಾರ ಕಂಪನಿಯದ್ದು, ಆಹಾರದೊಳಗೆ ಏನಿದೆ ಎಂಬ ನಿರ್ಧಾರವೂ ಕಂಪನಿಯದ್ದು; ಶೆಡ್, ನೀರು, ದುಡಿಮೆ ಮಾತ್ರ ಸಾಕುವವನದ್ದು. ಕಂಪನಿ ಮದ್ದನ್ನು ತೆಗೆದು ಪ್ರೊಬಯಾಟಿಕ್ ಹಾಕಿ, ಅದೇ ಇಕ್ಕಟ್ಟಿನಲ್ಲಿ ಅಷ್ಟೇ ಮರಿಗಳನ್ನು ಬಿಟ್ಟು, ಎರಡು ಬ್ಯಾಚ್‌ಗಳ ನಡುವಿನ ಬಿಡುವನ್ನು ಹೆಚ್ಚಿಸದೆ, ಎಫ್‌ಸಿಆರ್ ಕೆಟ್ಟಿತೆಂದು ಸಾಕುವವನ ಕೂಲಿ ಕತ್ತರಿಸಿದರೆ ಆ ಬದಲಾವಣೆಯ ಬೆಲೆಯನ್ನು ತೆತ್ತವನು ಯಾರು? ಮದ್ದು ಬಿಡುವ ನಿರ್ಧಾರದೊಂದಿಗೆ ಪ್ರತಿ ಚದರ ಮೀಟರಿಗೆ ಬಿಡುವ ಮರಿಗಳ ಸಂಖ್ಯೆ, ಶೆಡ್ ಖಾಲಿ ಬಿಡುವ ದಿನಗಳು, ಮೊದಲ ಕೆಲವು ಬ್ಯಾಚ್‌ಗಳ ಎಫ್‌ಸಿಆರ್ ಲೆಕ್ಕದಲ್ಲಿ ಕೊಡುವ ರಿಯಾಯಿತಿ ಎಲ್ಲವೂ ಒಪ್ಪಂದದ ಹಾಳೆಯಲ್ಲಿ ಬರಬೇಕು.

ಸಾಕುವವನ ಕೈಯಲ್ಲಿರುವ ಕೆಲಸಗಳೂ ಇವೆ. ನೀರಿನ ಪಾತ್ರೆಯ ಅಡಿಯಿಂದ ಒಂದು ಹಿಡಿ ಲಿಟರ್ ತೆಗೆದು ಮುಷ್ಟಿಯಲ್ಲಿ ಒತ್ತಿ ಕೈ ಬಿಡಿಸಿ ನೋಡಿ: ಉಂಡೆಯಾಗಿ ನಿಂತರೆ ಒದ್ದೆ ಹೆಚ್ಚಾಗಿದೆ, ಮೆಲ್ಲಗೆ ಬಿರಿದು ಉದುರಿದರೆ ಹದವಾಗಿದೆ, ಹಿಡಿಯಲ್ಲಿ ನಿಲ್ಲದೆ ದೂಳಾಗಿ ಹಾರಿದರೆ ತೀರ ಒಣಗಿದೆ. ಅಮೋನಿಯಾ ನೋಡಬೇಕಾದರೆ ಬಾಗಿಲಲ್ಲಿ ನಿಂತು ಮೂಸಿದರೆ ಸಾಲದು, ಕೋಳಿಯ ತಲೆಯ ಎತ್ತರಕ್ಕೆ ಕುಕ್ಕರಗಾಲಲ್ಲಿ ಕುಳಿತು ಐದು ನಿಮಿಷ ಉಸಿರಾಡಬೇಕು. ಕಣ್ಣು ಉರಿದರೆ ನಮಗಿಂತ ಮೊದಲು ಅವುಗಳ ಕಣ್ಣು ಉರಿದಿರುತ್ತದೆ. ಇಕ್ಕಟ್ಟಾಗಿ ಸಾಕುವವರಿಗೆ ಯುರೋಪಿನ ನಿಯಮವು ಕೋಳಿಯ ತಲೆಯ ಮಟ್ಟದಲ್ಲೇ ಅಮೋನಿಯಾ 20 ಪಿಪಿಎಂ (ಗಾಳಿಯ ಹತ್ತು ಲಕ್ಷ ಭಾಗದಲ್ಲಿ 20 ಭಾಗ) ಮೀರಬಾರದೆಂದು ಹೇಳುವುದು ಇದೇ ಕಾರಣಕ್ಕೆ. ನೀರಿನ ಪೈಪಿನ ತುದಿ ಬಿಚ್ಚಿ ಒಳಗೆ ಬೆರಳಾಡಿಸಿ. ಲೋಳೆ ಹತ್ತಿದರೆ, ಮರಿ ಬರುವ ಮೊದಲೇ ಪೈಪು ತೊಳೆಯದೆ ಅದರಲ್ಲಿ ಪ್ರೊಬಯಾಟಿಕ್ ಬಿಡುವುದು ವ್ಯರ್ಥ.

ಒಂದು ಅಪಾಯವನ್ನೂ ಹೇಳಿಬಿಡುತ್ತೇನೆ. ಬೆಳವಣಿಗೆಗೆಂದು ದಿನವೂ ಮದ್ದು ತಿನ್ನಿಸುವುದನ್ನು ನಿಲ್ಲಿಸುವುದು ಬೇರೆ, ರೋಗ ಬಂದ ಹಿಂಡಿಗೆ ಚಿಕಿತ್ಸೆ ಕೊಡದಿರುವುದು ಬೇರೆ. ‘ಆ್ಯಂಟಿಬಯಾಟಿಕ್ ಮುಕ್ತ’ ಎಂಬ ಹಣೆಪಟ್ಟಿ ಕಳೆದುಕೊಳ್ಳುವ ಭಯಕ್ಕೆ, ಕರುಳು ಕೊಳೆತು ರೆಕ್ಕೆ ಜೋತುಬಿಟ್ಟು ಕೂತ ಕೋಳಿಗಳನ್ನು ಹಾಗೇ ಸಾಯಲು ಬಿಡುವುದು ಕ್ರೌರ್ಯ. ಕಾಯಿಲೆಗೆ ಪಶುವೈದ್ಯರು ಪರೀಕ್ಷಿಸಿ ಬರೆದ ಮದ್ದನ್ನು, ಬರೆದಷ್ಟು ದಿನ ಕೊಟ್ಟು, ಮಾಂಸದಲ್ಲಿ ಮದ್ದಿನ ಅಂಶ ಉಳಿಯದಂತೆ ಕಾಯಬೇಕಾದ ದಿನಗಳನ್ನು ಕಾದು ಮಾರಬೇಕು. ಚಿಕಿತ್ಸೆ ಮುಗಿದ ಮರುದಿನದಿಂದಲೇ ಪ್ರೊಬಯಾಟಿಕ್ ಕೊಟ್ಟರೆ ಬರಿದಾದ ಕರುಳಿಗೆ ಮತ್ತೆ ಒಳ್ಳೆಯ ನೆಲಸಿಗರು ಬರುತ್ತಾರೆ. ಆ್ಯಂಟಿಬಯಾಟಿಕ್ ಮತ್ತು ಪ್ರೊಬಯಾಟಿಕ್ ಎರಡಕ್ಕೂ ಅವುಗಳದೇ ಆದ ಹೊತ್ತು ಇದೆ.

ಆದ್ದರಿಂದ ನನ್ನ ಬೇಡಿಕೆ ಆಹಾರದ ಗುಣಮಟ್ಟ ನಿಗದಿ ಮಾಡುವ ಅಧಿಕಾರಿಗಳಲ್ಲಿ ಮತ್ತು ಪ್ರೊಬಯಾಟಿಕ್ ತಯಾರಕರಲ್ಲಿ. ಪ್ರತಿ ಚೀಲದ ಮೇಲೆ ತಳಿಯ ಪೂರ್ಣ ಗುರುತು, ಬಳಕೆಯ ಕೊನೆಯ ದಿನದಂದು ಪ್ರತಿ ಗ್ರಾಂಗೆ ಉಳಿದಿರುವ ಜೀವಾಣುಗಳ ಖಾತರಿ ಸಂಖ್ಯೆ, ಗಿರಣಿಯ ಬಿಸಿಯನ್ನು ತಡೆಯುತ್ತದೆಯೇ ಇಲ್ಲವೇ, ಎಷ್ಟು ತಂಪಿನಲ್ಲಿಡಬೇಕು, ಕ್ಲೋರಿನ್ ಇರುವ ನೀರಿನಲ್ಲಿ ಹಾಗೂ ಯಾವ ರಕ್ತಭೇದಿ ಮದ್ದಿನ ಜೊತೆಯಲ್ಲಿ ಬಳಸಬಾರದು, ಪ್ರತಿರೋಧದ ವಂಶವಾಹಿಗಳಿಗಾಗಿ ಪರೀಕ್ಷಿಸಲಾಗಿದೆಯೇ ಎಂಬುದನ್ನು ಸಾಕುವವನು ಓದಬಲ್ಲ ಭಾಷೆಯಲ್ಲಿ, ಓದಬಲ್ಲ ಗಾತ್ರದ ಅಕ್ಷರಗಳಲ್ಲಿ ಮುದ್ರಿಸುವುದನ್ನು ಕಡ್ಡಾಯಗೊಳಿಸಬೇಕು. ಅಂಗಡಿಯಿಂದ ಚೀಲ ತಂದು ಅದರೊಳಗಿನ ಜೀವಾಣುಗಳನ್ನು ಎಣಿಸಿ ನೋಡುವ ವ್ಯವಸ್ಥೆಯೂ ಇರಬೇಕು. ಇಷ್ಟಾದರೆ, ಬ್ಲೀಚಿಂಗ್ ನೀರಿನ ಟ್ಯಾಂಕಿನ ಮುಂದೆ ಖಾಲಿ ಚೀಲ ಹಿಡಿದು ನಿಂತಿದ್ದ ಆ ಸಾಕಣೆದಾರರು ನನ್ನನ್ನು ಕರೆಯುವ ಅಗತ್ಯವೇ ಬರುತ್ತಿರಲಿಲ್ಲ.

ಇಂತಿ,
ಒಬ್ಬ ಪಶುವೈದ್ಯ